ಬಿಸಿಲಿಗೆ ಕಾಣುವ ಸ್ಕ್ರೀನಿಗೆ ಗಿರಾಕಿ ಯಾರು? ಮಲ್ಪೆಯ ಒಂದು ಪ್ರಕರಣ

ಉಡುಪಿಯ ಇಬ್ಬರು ಯುವ ಎಂಜಿನಿಯರುಗಳು ಒಂದು ಮೊಬೈಲ್ ಫೋನ್ ಮಾಡಲು ಹೊರಟಿದ್ದರು. ಇ-ಪುಸ್ತಕ ಓದುವ ಕಿಂಡಲ್ ಉಪಕರಣದಲ್ಲಿ ಇರುವಂಥ, ಕಾಗದದಂತೆ ಕಾಣುವ ಇ-ಇಂಕ್ ಸ್ಕ್ರೀನಿನ ಫೋನ್. ಒಮ್ಮೆ ಚಾರ್ಜ್ ಮಾಡಿದರೆ ವಾರ ಬರಬೇಕು. ಉರಿ ಬಿಸಿಲಲ್ಲೂ ಅಕ್ಷರ ಕಾಣಬೇಕು. ಮಲ್ಪೆಯ ಮೀನುಗಾರರೇ ಮೊದಲ ಗಿರಾಕಿಗಳು ಎಂಬುದು ಅವರ ಯೋಜನೆ. ಹುಡುಗ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದವನು. ಹುಡುಗಿ ಮಣಿಪಾಲದ ಎಂಐಟಿಯವಳು, ಅವಳ ಸೋದರಮಾವ ಆಳಸಮುದ್ರ ಬೋಟು ನಡೆಸುವ ತಾಂಡೇಲ. ಅಂದರೆ ಕಡಲಿನ ಕೆಲಸ ಗೊತ್ತಿಲ್ಲದೆ ಸುಮ್ನೆ ಕನಸು ಕಟ್ಟಿದವರಲ್ಲ.

ಹಣ ಹಾಕಲು ಮುಂದೆ ಬಂದ ಉಡುಪಿಯ ವ್ಯಾಪಾರಿಯೊಬ್ಬರು ನನ್ನನ್ನು ಕರೆಸಿ, "ಇದು ವ್ಯಾಪಾರ ಆಗ್ತದಾ ಇಲ್ವಾ? ಒಮ್ಮೆ ಸರಿಯಾಗಿ ನೋಡಿ ಹೇಳಿ ಮಾರಾಯ್ರೆ" ಅಂದರು. ಹೊಸ ಕಂಪನಿಗಳ ಲೆಕ್ಕಾಚಾರ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಈ ಬರಹ ಆ ಪರಿಶೀಲನೆಯದ್ದು. ಮೂವರೂ ತಮ್ಮ ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಉಳಿದದ್ದನ್ನೆಲ್ಲ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

ಅವರ ಇಡೀ ಯೋಜನೆ ಒಂದು ನಂಬಿಕೆಯ ಮೇಲೆ ನಿಂತಿತ್ತು: ಫೋನಿನ ಬ್ಯಾಟರಿ ತಿನ್ನುವುದು ಸ್ಕ್ರೀನ್, ಸ್ಕ್ರೀನ್ ಬದಲಾಯಿಸಿದರೆ ಬ್ಯಾಟರಿಯ ಚಿಂತೆ ಮುಗಿಯಿತು. ನಾನು ಶುರು ಮಾಡಿದ್ದೂ ಅಲ್ಲಿಂದಲೇ.

ಬ್ಯಾಟರಿ ಎಲ್ಲಿ ಹೋಗುತ್ತದೆ

ಸಾಮಾನ್ಯ ಎಲ್‌ಸಿಡಿ ಸ್ಕ್ರೀನ್ ಬೆಳಕಿನ ವಿಷಯದಲ್ಲಿ ಭಾರೀ ದುಂದುಗಾರ. ಹಿಂದೆ ಒಂದು ಬಿಳಿ ದೀಪ ಸದಾ ಉರಿಯುತ್ತಿರುತ್ತದೆ. ಆ ಬೆಳಕು ಪೋಲರೈಸರ್, ಬಣ್ಣದ ಫಿಲ್ಟರ್ ಎಲ್ಲ ದಾಟಿ ಬರಬೇಕು. ಹತ್ತರಲ್ಲಿ ಒಂದು ಪಾಲು ಹೊರಗೆ ಬಂದರೆ ಅದೇ ಜಾಸ್ತಿ. ಇ-ಇಂಕ್‌ನಲ್ಲಿ ಹಿಂದಿನ ದೀಪವೇ ಇಲ್ಲ. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳೊಳಗೆ ಬಿಳಿ ಮತ್ತು ಕಪ್ಪು ಕಣಗಳಿರುತ್ತವೆ. ಬಿಳಿ ಕಣ ಟೈಟಾನಿಯಂ ಡೈಆಕ್ಸೈಡ್, ನಮ್ಮ ಗೋಡೆಯ ಬಿಳಿ ಪೇಂಟಿಗೆ ಹಾಕುವುದೇ. ಎರಡೂ ಬಗೆಯ ಕಣಗಳಿಗೆ ವಿರುದ್ಧ ವಿದ್ಯುತ್ ಚಾರ್ಜ್ ಇರುತ್ತದೆ. ವೋಲ್ಟೇಜ್ ಕೊಟ್ಟರೆ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಆಮೇಲೆ ಕರೆಂಟ್ ತೆಗೆದರೂ ಅಲ್ಲೇ ನಿಲ್ಲುತ್ತವೆ. ಚಿತ್ರ ಬದಲಾಗುವಾಗ ಮಾತ್ರ ಖರ್ಚು, ಚಿತ್ರ ನಿಂತಿರುವಾಗ ಸೊನ್ನೆ.

ಇಷ್ಟು ಕೇಳಿದರೆ ಯಾರಿಗೂ ಆಸೆ ಹುಟ್ಟುತ್ತದೆ. ಆದರೆ ಫೋನಿನ ಒಟ್ಟು ಲೆಕ್ಕ ಹಾಕಿ ನೋಡೋಣ. ಈಗಿನ ಸಾಧಾರಣ ಫೋನಿನ ಬ್ಯಾಟರಿ 5,000 ಎಂಎಎಚ್, ಅಂದರೆ ಸುಮಾರು 19 ವ್ಯಾಟ್-ಅವರ್. ಆರೂವರೆ ಇಂಚಿನ ಸ್ಕ್ರೀನ್ ಚೆನ್ನಾಗಿ ಬೆಳಗುವಾಗ ಒಂದೂಕಾಲು ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ ಸ್ಕ್ರೀನ್ ಆನ್ ಇದ್ದರೆ ಅದರ ಪಾಲು 5 ವ್ಯಾಟ್-ಅವರ್. ಒಂದು ದಿನದಲ್ಲಿ ಬ್ಯಾಟರಿ ಪೂರ್ತಿ ಖಾಲಿ ಮಾಡುವವರಿಗೆ ಉಳಿದ 14 ವ್ಯಾಟ್-ಅವರ್ ಹೋಗುವುದು ಪ್ರೊಸೆಸರ್, ನೆಟ್‌ವರ್ಕ್, ಜಿಪಿಎಸ್, ಸ್ಪೀಕರ್ ಇವುಗಳಿಗೆ. ಸ್ಕ್ರೀನಿನ ಖರ್ಚನ್ನು ಸೊನ್ನೆ ಮಾಡಿದರೂ ಒಂದು ದಿನ ಬರುತ್ತಿದ್ದ ಬ್ಯಾಟರಿ ಒಂದು ದಿನ ಎಂಟು ಗಂಟೆ ಚಿಲ್ಲರೆ ಬರುತ್ತದೆ, ಅಷ್ಟೇ. ವಾರ ಬರುವುದಿಲ್ಲ. ಅದರಲ್ಲೂ ದಡದಿಂದ ದೂರ ಹೋದಂತೆ ಸಿಗ್ನಲ್ ಕ್ಷೀಣಿಸುತ್ತದೆ. ಟವರ್ ಹಿಡಿಯಲು ಫೋನ್ ಇನ್ನಷ್ಟು ಜೋರಾಗಿ ಒದ್ದಾಡುತ್ತದೆ. ಕಡಲಲ್ಲಿ ಬ್ಯಾಟರಿ ಬೇಗ ಇಳಿಯಲು ಇದೂ ಒಂದು ಕಾರಣ, ಇದಕ್ಕೂ ಸ್ಕ್ರೀನಿಗೂ ಸಂಬಂಧ ಇಲ್ಲ.

"ಹಾಗಾದರೆ ಕಿಂಡಲ್ ಹೇಗೆ ವಾರಗಟ್ಟಲೆ ಬರುತ್ತದೆ?" ಅಂತ ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಕಿಂಡಲ್‌ನಲ್ಲಿ ಸ್ಕ್ರೀನ್ ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಒಂದು ಪುಟ ಒಂದು ನಿಮಿಷ ಹಾಗೇ ನಿಂತಿರುತ್ತದೆ, ಅಷ್ಟು ಹೊತ್ತು ಪ್ರೊಸೆಸರ್ ನಿದ್ದೆಯಲ್ಲಿರುತ್ತದೆ. ಕರೆ ಬರಲಿ ಅಂತ ಟವರಿಗೆ ಕಿವಿಗೊಟ್ಟು ಕೂರುವ ಕೆಲಸ ಅದಕ್ಕಿಲ್ಲ. ಉಳಿತಾಯ ಆಗುತ್ತಿರುವುದು ಆ ಉಪಕರಣದ ಇಡೀ ಸ್ವಭಾವದಿಂದ. ಸ್ಕ್ರೀನ್ ಅದರಲ್ಲಿ ಒಂದು ಭಾಗ.

ಹಿಂದೆ ಕೈ ಹಾಕಿದವರು

ಈ ದಾರಿಯಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. ಅವರಲ್ಲಿ ನಮಗೆ ಹತ್ತಿರದ ಉದಾಹರಣೆ ಮೊಟೊರೊಲಾದ ಮೋಟೊಫೋನ್. 2006ರ ಕೊನೆಗೆ ಅದು ಮೊದಲು ಬಿಡುಗಡೆಯಾದ ದೇಶಗಳಲ್ಲಿ ಭಾರತವೂ ಒಂದು. ತೆಳ್ಳಗಿನ, ಅಗ್ಗದ ಫೋನ್. ಇ-ಇಂಕ್ ಸ್ಕ್ರೀನ್. ಬಿಸಿಲಲ್ಲಿ ಎದ್ದು ಕಾಣುತ್ತಿತ್ತು, ಬ್ಯಾಟರಿಯೂ ಚೆನ್ನಾಗಿ ಬರುತ್ತಿತ್ತು. ಓದಲು ಬಾರದವರಿಗಾಗಿ ಧ್ವನಿಯಲ್ಲೇ ಸೂಚನೆ ಹೇಳುವ ವ್ಯವಸ್ಥೆಯೂ ಇತ್ತು. ನಮ್ಮ ಇಬ್ಬರು ಬರೆದುಕೊಂಡಿದ್ದ ಗಿರಾಕಿಗಳ ಪಟ್ಟಿಯೂ ಮೊಟೊರೊಲಾದ ಪಟ್ಟಿಯೂ ಹೆಚ್ಚುಕಡಿಮೆ ಒಂದೇ.

ಅದು ಸೋತದ್ದು ಎಲ್ಲಿ ಅಂತ ನೋಡಿದರೆ ಅಕ್ಷರದಲ್ಲಿ. ಅದರ ಸ್ಕ್ರೀನ್ ಚುಕ್ಕಿಗಳಿಂದ ಮಾಡಿದ್ದಲ್ಲ, ಹಳೆ ಕ್ಯಾಲ್ಕುಲೇಟರಿನಲ್ಲಿದ್ದಂತೆ ಗೀಟುಗಳಿಂದ ಮಾಡಿದ್ದು. ಒಂದು ಸಾಲಿಗೆ ಆರು ಅಕ್ಷರ, ಎರಡು ಸಾಲು. ಇಂಗ್ಲಿಷ್ ಎಸ್ಸೆಮ್ಮೆಸ್ ಓದುವುದೇ ಕಷ್ಟ, ಕನ್ನಡದ ಮಾತೇ ಇಲ್ಲ. ಅದೇ ಹೊತ್ತಿಗೆ ಎಲ್ಲರ ಕೈಯಲ್ಲಿ ನೋಕಿಯಾ 1100 ಇತ್ತು. 2003ರಲ್ಲಿ ಬಂದ ಫೋನ್, ಜಗತ್ತಿನಲ್ಲೆಲ್ಲ ಸೇರಿ 25 ಕೋಟಿ ಮಾರಾಟವಾದದ್ದು. ಅದರ ಕಪ್ಪು-ಬಿಳಿ ಎಲ್‌ಸಿಡಿ ಹೊರಗಿನ ಬೆಳಕನ್ನೇ ಹಿಂದಕ್ಕೆ ಎಸೆಯುವಂಥದ್ದು. ಬಿಸಿಲಿಗೆ ಅದೂ ಕಾಣುತ್ತಿತ್ತು. ಬ್ಯಾಟರಿ ದಿನಗಟ್ಟಲೆ ಬರುತ್ತಿತ್ತು. ಮೇಲಿಂದ ಟಾರ್ಚ್ ಬೇರೆ. ಮೋಟೊಫೋನ್ ಮಾರಲು ಹೊರಟ ಎರಡು ಗುಣ ಜನರ ಜೇಬಿನಲ್ಲಿ ಆಗಲೇ ಇತ್ತು. ಹೊಸ ತಂತ್ರಜ್ಞಾನ ಅಂತ ಯಾರು ದುಡ್ಡು ಕೊಡುತ್ತಾರೆ?

ಫೋನಿನ ಚಿಪ್ ಮಾಡುವ ಕ್ವಾಲ್ಕಾಮ್ ಕಥೆ ಬೇರೆ ಥರದ್ದು. 2004ರಲ್ಲಿ ಇರಿಡಿಜಿಮ್ ಎಂಬ ಕಂಪನಿಯನ್ನು ಕೊಂಡು, ಚಿಟ್ಟೆಯ ರೆಕ್ಕೆ ಮಿನುಗುವ ತತ್ವದಲ್ಲೇ ಬಣ್ಣ ಕೊಡುವ ಮಿರಾಸಾಲ್ ಸ್ಕ್ರೀನನ್ನು ಬೆಳೆಸಿತು. ಬಣ್ಣವೂ ಇತ್ತು, ವಿಡಿಯೋ ಕೂಡ ಓಡುತ್ತಿತ್ತು. 2011ರಲ್ಲಿ ಕೊರಿಯಾದಲ್ಲಿ ಒಂದು ಇ-ಪುಸ್ತಕದ ಉಪಕರಣದಲ್ಲಿ ಬಂತು. ಬಣ್ಣ ಮಾತ್ರ ಮಂಕು. 2012ರಲ್ಲಿ ಕ್ವಾಲ್ಕಾಮ್ ತಾನೇ ತಯಾರಿಸುವ ಯೋಜನೆಯಿಂದ ಹಿಂದೆ ಸರಿದು, ಬೇಕಾದವರಿಗೆ ಲೈಸೆನ್ಸ್ ಕೊಡುತ್ತೇವೆ ಅಂದಿತು. ಒಂದು ಪ್ಯಾನೆಲ್ ಕಾರ್ಖಾನೆಗೆ ಸಾವಿರಾರು ಕೋಟಿ ಬೇಕು. ಕೋಟಿಗಟ್ಟಲೆ ಫೋನುಗಳಲ್ಲಿ ಆ ಪ್ಯಾನೆಲ್ ಹೋಗದಿದ್ದರೆ ಬೆಲೆ ಇಳಿಯದು. ಬೆಲೆ ಇಳಿಯದೆ ಫೋನ್ ಕಂಪನಿಗಳು ಮುಟ್ಟುವುದಿಲ್ಲ. ಹೊಸ ಡಿಸ್‌ಪ್ಲೇಗಳಲ್ಲಿ ಬಹಳಷ್ಟು ಈ ಸುಳಿಯಲ್ಲೇ ಮುಳುಗಿವೆ.

ಮೇರಿ ಲೂ ಜೆಪ್ಸೆನ್ 2008ರಲ್ಲಿ ಕಟ್ಟಿದ ಪಿಕ್ಸೆಲ್ ಚಿ (Pixel Qi) ಕಂಪನಿ ಈ ಸುಳಿಯಿಂದ ತಪ್ಪಿಸಿಕೊಳ್ಳಲು ಜಾಣ ದಾರಿ ಹುಡುಕಿತ್ತು. ಇರುವ ಎಲ್‌ಸಿಡಿ ಕಾರ್ಖಾನೆಯಲ್ಲೇ, ಇರುವ ಯಂತ್ರದಲ್ಲೇ ಬಿಸಿಲಿಗೆ ಕಾಣುವ ಸ್ಕ್ರೀನ್ ಮಾಡುವುದು. ಭಾರತದ ನೋಷನ್ ಇಂಕ್ ಕಂಪನಿಯ ಆಡಮ್ ಟ್ಯಾಬ್ಲೆಟ್‌ನಲ್ಲಿ 2011ರಲ್ಲಿ ಅದು ಬಂತು. ನಮ್ಮ ದೇಶದ ಹುಡುಗರು ಜಗತ್ತಿನ ಮುಂದೆ ಧೈರ್ಯದಿಂದ ಇಟ್ಟ ಹೆಜ್ಜೆ ಅದು, ನನಗೆ ಈಗಲೂ ಅದರ ಮೇಲೆ ಗೌರವ ಇದೆ. ಆದರೆ ಐಪ್ಯಾಡ್ ಎದುರು ನಿಲ್ಲಲಾಗಲಿಲ್ಲ. ರಷ್ಯಾದ ಯೋಟಾಫೋನ್ 2013ರಲ್ಲಿ ಮುಂದೆ ಎಲ್‌ಸಿಡಿ, ಹಿಂದೆ ಇ-ಇಂಕ್ ಇಟ್ಟು ಬಂತು. 2019ಕ್ಕೆ ಆ ಕಂಪನಿ ದಿವಾಳಿ.

ಇವರೆಲ್ಲ ಒದ್ದಾಡುತ್ತಿದ್ದಾಗ ಹಳೆ ತಂತ್ರಜ್ಞಾನ ಸುಮ್ಮನೆ ಕೂತಿರಲಿಲ್ಲ. ಒಎಲ್‌ಇಡಿ ಸ್ಕ್ರೀನಿನಲ್ಲಿ ಕಪ್ಪು ಇದ್ದ ಕಡೆ ದೀಪವೇ ಉರಿಯದು. 2019ರ ಆಪಲ್ ವಾಚ್ ಸೀರೀಸ್ 5ರಲ್ಲಿ ಎಲ್‌ಟಿಪಿಒ ಎಂಬ ಬಗೆಯ ಒಎಲ್‌ಇಡಿ ಸ್ಕ್ರೀನ್ ಸೆಕೆಂಡಿಗೆ ಒಂದೇ ಸಲ ಬದಲಾಗುವಷ್ಟು ನಿಧಾನಕ್ಕೆ ಇಳಿಯಿತು, ದಿನವಿಡೀ ಆನ್ ಇರುವುದು ಸಾಧ್ಯವಾಯಿತು. ಬ್ಯಾಟರಿ ದೊಡ್ಡದಾಯಿತು, ಚಾರ್ಜಿಂಗ್ ವೇಗವಾಯಿತು. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕುವುದು ಎಲ್ಲರಿಗೂ ಅಭ್ಯಾಸವಾಗಿ ಹೋಯಿತು. ಹೀಗಿರುವಾಗ "ಕಡಿಮೆ ಬ್ಯಾಟರಿ ತಿನ್ನುವ ಸ್ಕ್ರೀನ್" ಎಂಬುದೊಂದೇ ಮಾತಿನ ಮೇಲೆ ಫೋನ್ ಮಾರುವುದು ಆಗದ ಕೆಲಸ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಲ್ಪೆಯಲ್ಲಿ ಕಂಡದ್ದು

ಇಷ್ಟು ಓದಿಕೊಂಡು ನಾನೂ ಎಂಜಿನಿಯರುಗಳಿಬ್ಬರೂ ಬಂದರಿಗೆ ಹೋದೆವು. ಮೊದಲು ಹುಡುಗಿಯ ಮಾವನ ಆಳಸಮುದ್ರ ಬೋಟು. ಇಂಥ ಬೋಟುಗಳು ಐಸು, ಡೀಸೆಲ್, ಅಕ್ಕಿ ತುಂಬಿಕೊಂಡು ಹೊರಟರೆ ಹತ್ತು ದಿನ ಆಚೀಚೆ ಬರುವುದಿಲ್ಲ. ತಾಂಡೇಲರ ಕೋಣೆಯಲ್ಲಿ ಜಿಪಿಎಸ್, ಮೀನು ಹುಡುಕುವ ಫಿಶ್ ಫೈಂಡರ್, ವೈರ್‌ಲೆಸ್ ಎಲ್ಲ ಇದೆ. ಮೂಲೆಯಲ್ಲಿ ಒಂದು ಹಲಗೆಗೆ ಮೊಳೆ ಹೊಡೆದು ಚಾರ್ಜರುಗಳನ್ನು ನೇತು ಹಾಕಿದ್ದಾರೆ, ಒಂದರ ಪಕ್ಕ ಒಂದು.

ಫೋನಿನ ವಿಷಯ ತೆಗೆದದ್ದೇ ಮಾವ ಹೇಳಿದರು: "ಚಾರ್ಜಿನದ್ದು ಎಂತ ತೊಂದ್ರೆ? ಇಂಜಿನ್ ಉಂಟಲ್ಲ. ದಿನಾ ಚಾರ್ಜ್ ಮಾಡ್ತೇವೆ."

ಹುಡುಗನ ಮುಖ ಸಪ್ಪಗಾಯಿತು. ಯೋಜನೆಯ ಮೊದಲ ಕಂಬವೇ ಬಿತ್ತು. ಎರಡನೆಯದ್ದು ಬೋಟಿನಲ್ಲಿ ದುಡಿಯುವ ಕಲಾಸಿಗಳ ಹತ್ತಿರ ಮಾತಾಡುವಾಗ ಬಿತ್ತು. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಹೋಗುತ್ತದೆ. ಆಮೇಲೆ ಫೋನ್ ಇರುವುದೇ ತುಂಬಿಸಿಕೊಂಡು ಹೋದ ಸಿನಿಮಾ, ಹಾಡು ನೋಡಲಿಕ್ಕೆ. ಬಲೆ ಎಳೆದು ಸುಸ್ತಾದವರಿಗೆ ರಾತ್ರಿ ಅದೊಂದೇ ಸಮಾಧಾನ. ಅವರ ಕೈಗೆ ಕಪ್ಪು-ಬಿಳಿ, ನಿಧಾನದ ಸ್ಕ್ರೀನ್ ಕೊಟ್ಟು "ಇದು ನಿಮಗೆ ಒಳ್ಳೇದು" ಅನ್ನುವುದು ತಪ್ಪು. 2023ರಲ್ಲಿ ಜಿಯೋ ಭಾರತ್ ಫೋನ್ ಬಂದದ್ದು 999 ರೂಪಾಯಿಗೆ. ಅದರ ಹತ್ತಿರದ ಬೆಲೆಗೆ ಇ-ಇಂಕ್ ಫೋನ್ ಮಾಡಲು ಸಾಧ್ಯವೂ ಇಲ್ಲ.

ಅಲ್ಲಿಗೆ ಮುಗಿಸಿ ಬರಬಹುದಿತ್ತು. ಆದರೆ ಹುಡುಗಿ, "ನಾಡದೋಣಿಯವರನ್ನೂ ನೋಡಿ ಹೋಗುವ" ಅಂದಳು. ಈ ಪ್ರಕರಣ ತಿರುಗಿದ್ದು ಅವಳ ಆ ಮಾತಿನಿಂದ.

ನಾಡದೋಣಿಗಳು ಸಣ್ಣವು. ಹಿಂದೆ ಒಂದು ಔಟ್‌ಬೋರ್ಡ್ ಇಂಜಿನ್, ತಲೆ ಮೇಲೆ ಮಾಡು ಇಲ್ಲ. ಚಾರ್ಜ್ ಮಾಡುವ ಜಾಗವೂ ಇಲ್ಲ. ಬೆಳಕು ಹರಿಯುವ ಮೊದಲು ಹೊರಟು ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವಾಗಲೂ 10 ಎಚ್‌ಪಿ ಒಳಗಿನ ಇಂಜಿನ್ ಇಟ್ಟ ನಾಡದೋಣಿಗಳು ಇಳಿಯಬಹುದು. ಅಂದರೆ ಮಳೆಗಾಲದ ಕಡಲಿಗೂ ಇಳಿಯುವವರು ಇವರೇ.

ದಡಕ್ಕೆ ದೋಣಿ ಎಳೆದು ಕೂತಿದ್ದ ಒಬ್ಬ ಹಿರಿಯರು ಹವಾಮಾನದ ಮೆಸೇಜ್ ತೋರಿಸುತ್ತೇನೆ ಅಂದರು. ಪ್ಲಾಸ್ಟಿಕ್ ಲಕೋಟೆಯ ಗಂಟು ಬಿಚ್ಚಿ ಫೋನ್ ತೆಗೆದರು. ಹೆಬ್ಬೆರಳು ಒದ್ದೆ, ಉಪ್ಪುನೀರು. ಬೆರಳಚ್ಚಿಗೆ ಲಾಕ್ ತೆರೆಯಲಿಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿದರು, ಆಗಲಿಲ್ಲ. ನಂಬರ್ ಒತ್ತಲು ನೋಡಿದರೆ ಬಿಸಿಲಿಗೆ ಸ್ಕ್ರೀನ್ ಕರಿ ಕನ್ನಡಿ. ಕೊನೆಗೆ ಹೆಗಲ ಮೇಲಿದ್ದ ಬೈರಾಸನ್ನು ತಲೆ ಮೇಲೆ ಹೊದ್ದು, ಅದರೊಳಗೆ ಫೋನ್ ಹಿಡಿದು, ಬಗ್ಗಿ ಓದಿದರು. ದಡದ ಮೇಲೆ ಕೂತು ಇಷ್ಟು ಕಷ್ಟ. ಅಲೆ ಮೇಲೆ ಒಂದು ಕೈಯಲ್ಲಿ ಇಂಜಿನ್ ಹಿಡಿದಾಗ ಹೇಗಿರಬಹುದು?

ನಾವು ತಂದಿದ್ದ ಎರಡು ಸಣ್ಣ ಪ್ಯಾನೆಲ್‌ಗಳನ್ನು ದೋಣಿಯ ಹಲಗೆ ಮೇಲೆ ಇಟ್ಟೆವು. ಒಂದು ಇ-ಇಂಕ್. ಇನ್ನೊಂದು ಮೆಮೊರಿ ಎಲ್‌ಸಿಡಿ, ಅಂದರೆ ಹಿಂದಿನ ದೀಪವಿಲ್ಲದೆ ಹೊರಗಿನ ಬೆಳಕಲ್ಲೇ ಕಾಣುವ ಎಲ್‌ಸಿಡಿ, ಶಾರ್ಪ್ ಕಂಪನಿಯ 2.7 ಇಂಚಿನದ್ದು. ಮಧ್ಯಾಹ್ನದ ಸುಡು ಬಿಸಿಲು. ಎರಡರ ಮೇಲಿನ ಅಕ್ಷರವೂ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಹಿರಿಯರು ಮೆಮೊರಿ ಎಲ್‌ಸಿಡಿಯನ್ನು ಕೈಗೆ ತೆಗೆದುಕೊಂಡು, "ಇದು ಹಳೆ ನೋಕಿಯಾದ ಹಾಗೆ ಉಂಟಲ್ಲ" ಅಂದರು.

ಅದಕ್ಕೆ ಕಾರಣ ಲೆಕ್ಕದಲ್ಲೂ ಸಿಗುತ್ತದೆ. ಬೀಳುವ ಬೆಳಕನ್ನು ಲಕ್ಸ್‌ನಲ್ಲಿ, ಸ್ಕ್ರೀನಿನ ಹೊಳಪನ್ನು ನಿಟ್‌ನಲ್ಲಿ ಅಳೆಯುತ್ತಾರೆ. ನೇರ ಬಿಸಿಲೆಂದರೆ ಸುಮಾರು 1 ಲಕ್ಷ ಲಕ್ಸ್. ಇ-ಇಂಕ್‌ನ ಬಿಳಿ ಭಾಗ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 40 ಪರ್ಸೆಂಟ್ ಹಿಂದಕ್ಕೆ ಕೊಡುತ್ತದೆ ಅಂದರೆ ಅದರ ಹೊಳಪು 12,000 ನಿಟ್ ದಾಟುತ್ತದೆ. ಅಗ್ಗದ ಫೋನಿನ ಸ್ಕ್ರೀನ್ ಸುಮಾರು 500 ನಿಟ್. ದುಬಾರಿ ಫೋನುಗಳು 2,000 ದಾಟಿವೆ, ಆದರೆ ಅಷ್ಟು ಹೊಳಪಲ್ಲಿ ಹೆಚ್ಚು ಹೊತ್ತು ಇಟ್ಟರೆ ಫೋನ್ ಬಿಸಿಯಾಗಿ ತಾನೇ ಮಂಕಾಗುತ್ತದೆ. ಸೂರ್ಯನ ಜೊತೆ ಬ್ಯಾಟರಿಯಿಂದ ಸ್ಪರ್ಧೆ ಮಾಡಲಾಗದು. ಸೂರ್ಯನ ಬೆಳಕನ್ನೇ ಬಳಸಿಕೊಳ್ಳುವ ಸ್ಕ್ರೀನಿಗೆ ಬಿಸಿಲು ಹೆಚ್ಚಾದಷ್ಟೂ ಲಾಭ.

ಕಡಿಮೆ ಕರೆಂಟಿನ ಸ್ಕ್ರೀನಿಗೆ ಗಿರಾಕಿ ಸಿಗುವುದು ಬಿಸಿಲಿನಿಂದ. ಬ್ಯಾಟರಿ ಉಳಿತಾಯ ಅದರ ಜೊತೆ ಬರುವ ಲಾಭ. ಬಿಸಿಲಲ್ಲಿ ನಿಂತು, ಕೈ ಖಾಲಿ ಇಲ್ಲದೆ, ನಾಲ್ಕು ಸಾಲು ಓದಬೇಕಾದವರು ಯಾರು? ಇವರಿಬ್ಬರು ಮೊದಲು ಕೇಳಬೇಕಿದ್ದ ಪ್ರಶ್ನೆ ಅದು. ಆ ದಿನ ಉತ್ತರ ಕಣ್ಣೆದುರೇ ಕೂತಿತ್ತು.

ಫೋನ್ ಹೋಗಿ ಏನಾಯಿತು

ವಾಪಸ್ ಬಂದು ಫೋನಿನ ಯೋಜನೆ ಬಿಟ್ಟರು. ಬಿಡಲು ಇನ್ನೊಂದು ಕಾರಣವೂ ಇತ್ತು. ಭಾರತದಲ್ಲಿ ಫೋನ್ ಮಾರಲು ಗುಣಮಟ್ಟಕ್ಕೆ ಬಿಐಎಸ್ ನೋಂದಣಿ ಬೇಕು, ಪ್ರತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯ ನೋಂದಣಿ ಬೇಕು, 2017ರಿಂದ ಪ್ಯಾನಿಕ್ ಬಟನ್ ಕಡ್ಡಾಯ. ಇಬ್ಬರ ಕಂಪನಿಗೆ ಇದು ಹೊರಲಾಗದ ಹೊರೆ.

ಬದಲಿಗೆ ಅಂಗೈಯಷ್ಟು ದೊಡ್ಡ, ನೀರು ಹೋಗದ ಒಂದು ಪೆಟ್ಟಿಗೆ. ಟಚ್ ಇಲ್ಲ, ಐದು ದೊಡ್ಡ ಬಟನ್‌ಗಳು. ಒಳಗೆ ಜಿಪಿಎಸ್. ಮೂರು ಕೆಲಸ: ಅಳಿವೆ (ನದಿ ಕಡಲು ಸೇರುವ ಬಾಯಿ) ಯಾವ ದಿಕ್ಕಿಗಿದೆ, ಎಷ್ಟು ದೂರ ಅಂತ ತೋರಿಸುವುದು, ಮೀನು ಸಿಕ್ಕ ಜಾಗ ಗುರುತು ಇಟ್ಟುಕೊಳ್ಳುವುದು, ಎಚ್ಚರಿಕೆಯ ಮೆಸೇಜ್ ಕನ್ನಡದಲ್ಲಿ ತೋರಿಸುವುದು.

ಯಾವ ಸ್ಕ್ರೀನ್ ಅಂತ ಇಬ್ಬರಿಗೂ ಜಗಳವೇ ಆಯಿತು. ಹುಡುಗನಿಗೆ ಇ-ಇಂಕ್ ಮೇಲೆ ಪ್ರೀತಿ. ಕಾಗದದಂತೆ ಕಾಣುತ್ತದೆ, ಬ್ಯಾಟರಿ ಸತ್ತರೂ ಕೊನೆಯ ಮಾಹಿತಿ ಸ್ಕ್ರೀನಿನಲ್ಲಿ ಉಳಿಯುತ್ತದೆ. ಎರಡೂ ನಿಜ. ಆದರೆ ದೋಣಿ ತಿರುಗಿದಂತೆ ದಿಕ್ಕಿನ ಬಾಣವೂ ತಿರುಗಬೇಕು. ಇ-ಇಂಕ್ ಪೂರ್ತಿ ಬದಲಾಗಲು ಒಂದೆರಡು ಸೆಕೆಂಡು ತೆಗೆದುಕೊಂಡು ಮಿಣಮಿಣ ಅನ್ನುತ್ತದೆ. ಬೇಗ ಬದಲಾಯಿಸಿದರೆ ಹಳೆ ಬಾಣದ ನೆರಳು ಉಳಿಯುತ್ತದೆ. ಕಡಲಲ್ಲಿ ಎರಡು ಬಾಣ ಕಾಣುವುದು ಅಪಾಯ. ಇನ್ನೊಂದು ತೊಂದರೆ ಸೆಕೆ. ಸಾಮಾನ್ಯ ಇ-ಇಂಕ್ ಪ್ಯಾನೆಲ್‌ಗೆ 50 ಡಿಗ್ರಿ ಸೆಲ್ಸಿಯಸ್ ಮಿತಿ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅದು ದಾಟುವುದು ಕಷ್ಟವೇನಲ್ಲ.

ಮೆಮೊರಿ ಎಲ್‌ಸಿಡಿಯಲ್ಲಿ ಪ್ರತಿ ಚುಕ್ಕಿಯ ಹಿಂದೆ ಒಂದು ಸಣ್ಣ ನೆನಪಿನ ಕೋಶ ಇರುತ್ತದೆ. ಚಿತ್ರವನ್ನು ಮತ್ತೆ ಮತ್ತೆ ಕಳಿಸಬೇಕಾಗಿಲ್ಲ. ಸೆಕೆಂಡಿಗೊಮ್ಮೆ ಬದಲಾಯಿಸಿದರೂ ಖರ್ಚು ಒಂದು ಮಿಲಿವ್ಯಾಟಿಗೂ ತುಂಬ ಕೆಳಗೆ. ಬಾಣ ಸರಾಗವಾಗಿ ತಿರುಗುತ್ತದೆ. ಬಿಳುಪು ಇ-ಇಂಕ್‌ನಷ್ಟಿಲ್ಲ, ಸ್ವಲ್ಪ ಬೂದು. ಆದರೆ ನಮ್ಮ ಬಿಸಿಲಿಗೆ ಅದು ಸಾಕೋ ಸಾಕು. ಇದೇ ಸ್ಕ್ರೀನಿನ ಮೇಲೆ ಪೆಬಲ್ ವಾಚ್ 2012ರಲ್ಲಿ ಜನರಿಂದ 1 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿತ್ತು. ನಾಲ್ಕು ವರ್ಷದ ನಂತರ ಆ ಕಂಪನಿ ಫಿಟ್‌ಬಿಟ್‌ಗೆ ಮಾರಾಟವಾಯಿತು, ಆದರೆ ಬಿಸಿಲಲ್ಲಿ ಓಡುವವರಿಗಾಗಿ ಗಾರ್ಮಿನ್ ಕಂಪನಿ ತನ್ನ ವಾಚುಗಳಲ್ಲಿ ಈ ಬಗೆಯ ಸ್ಕ್ರೀನನ್ನು ವರ್ಷಗಟ್ಟಲೆ ಇಟ್ಟುಕೊಂಡು ಚೆನ್ನಾಗಿ ವ್ಯಾಪಾರ ಮಾಡಿತು. ಗಿರಾಕಿ ಸಿಕ್ಕಿದ್ದು ಮತ್ತೆ ಬಿಸಿಲಿನಲ್ಲೇ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಜಿಪಿಎಸ್ ಚಿಪ್ ಆನ್ ಇದ್ದಷ್ಟು ಹೊತ್ತು ಹತ್ತಾರು ಮಿಲಿವ್ಯಾಟ್ ಎಳೆಯುತ್ತದೆ. ಸ್ಕ್ರೀನಿಗಿಂತ ನೂರು ಪಟ್ಟಿಗೂ ಜಾಸ್ತಿ. ಹಾಗಾಗಿ ಮೆಮೊರಿ ಎಲ್‌ಸಿಡಿ ಬಿಟ್ಟು ಇ-ಇಂಕ್ ಹಾಕಿದರೂ ಬ್ಯಾಟರಿ ಹೆಚ್ಚೇನೂ ಉಳಿಯದು. ಜಗಳ ತೀರಿದ್ದು ಈ ಲೆಕ್ಕದಿಂದ.

ಬೆಳಕು ಹರಿಯುವ ಮೊದಲು ಹೊರಡುವವರಿಗೆ ಹೊರಗಿನ ಬೆಳಕೇ ಇರುವುದಿಲ್ಲ. ಅದಕ್ಕೆ ಅಂಚಿನಲ್ಲಿ ಸಣ್ಣ ಎಲ್‌ಇಡಿ ಇಟ್ಟು, ಬಟನ್ ಒತ್ತಿದಾಗ ಹತ್ತು ಸೆಕೆಂಡು ಉರಿಯುವಂತೆ ಮಾಡಿದರು.

ಕನ್ನಡ ಅಕ್ಷರಕ್ಕೆ ಹುಡುಗಿ ಪಟ್ಟ ಶ್ರಮ ನೋಡಿ ಖುಷಿಯಾಯಿತು. ಸ್ಕ್ರೀನಿನಲ್ಲಿರುವುದು 400ಕ್ಕೆ 240 ಚುಕ್ಕಿ. ಇಂಗ್ಲಿಷಿಗೆ ಹತ್ತು ಸಾಲು ಆರಾಮವಾಗಿ ಹಿಡಿಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲಿಗೆ 40 ಚುಕ್ಕಿಯಾದರೂ ಎತ್ತರ ಬೇಕು. ಆರು ಸಾಲು ಸಿಗುತ್ತದೆ. "ಗಾಳಿ ಜೋರಿದೆ, ಇಂದು ಕಡಲಿಗೆ ಇಳಿಯಬೇಡಿ" ಎಂಬುದು ಎರಡು ಸಾಲಿನಲ್ಲಿ ಕೂರುತ್ತದೆ, ಅಲುಗಾಡುವ ದೋಣಿಯಲ್ಲಿ ನಿಂತು ಓದುವಷ್ಟು ದಪ್ಪಗೆ. ಆಂಧ್ರ, ಒಡಿಶಾದಿಂದ ಬಂದ ಕಲಾಸಿಗಳೂ ಇರುವುದರಿಂದ ಮುಖ್ಯ ಎಚ್ಚರಿಕೆಗಳಿಗೆ ಚಿತ್ರವೂ ಇದೆ.

ದುಡ್ಡಿನ ಮಾತು

ವಸ್ತು ಚೆನ್ನಾಗಿದೆ ಅಂದಮಾತ್ರಕ್ಕೆ ವ್ಯಾಪಾರ ಆಗುವುದಿಲ್ಲ ಅಲ್ವಾ? ಪ್ಯಾನೆಲ್ ಹೊರದೇಶದಿಂದಲೇ ಬರಬೇಕು. ಬಿಡಿಯಾಗಿ ತಂದರೆ ಒಂದು ಬೆಲೆ, ಸಾವಿರಗಟ್ಟಲೆ ತಂದರೆ ಇನ್ನೊಂದು. ಮಾಡುವವರು ಕೆಲವೇ ಕಂಪನಿಗಳು. ಅವರು ಒಂದು ಮಾಡೆಲ್ ನಿಲ್ಲಿಸಿದರೆ ಬೋರ್ಡ್, ಪೆಟ್ಟಿಗೆ, ಸಾಫ್ಟ್‌ವೇರ್ ಎಲ್ಲ ಮತ್ತೆ ಮಾಡಬೇಕು. ಸಣ್ಣ ಕಂಪನಿ ಮುಳುಗಲು ಇಷ್ಟು ಸಾಕು. ಅದಕ್ಕೆ ಬೇರೆ ತಯಾರಕರ ಇದೇ ಅಳತೆಯ ಪ್ಯಾನೆಲ್ ಕೂಡ ಕೂರುವಂತೆ ಮೊದಲೇ ಜಾಗ ಬಿಡಿ ಅಂತ ಬಲವಾಗಿ ಹೇಳಿದೆ. ಮಾಡಿದ್ದಾರೆ.

ಪೈಪೋಟಿಯೂ ಇದೆ. ಗಾರ್ಮಿನ್‌ನ ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳನ್ನು ಮೀನುಗಾರರು ಹಿಂದಿನಿಂದಲೂ ಬಳಸುತ್ತಾರೆ. ಗಟ್ಟಿಮುಟ್ಟು, ಬಿಸಿಲಿಗೂ ಕಾಣುತ್ತದೆ. ಆದರೆ ಅದರಲ್ಲಿ ಕನ್ನಡ ಇಲ್ಲ, ಎಚ್ಚರಿಕೆಯ ಮೆಸೇಜ್ ಬರುವುದಿಲ್ಲ.

ಮೆಸೇಜಿನ ವಿಷಯ ದೊಡ್ಡದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 1 ಲಕ್ಷ ದೋಣಿ, ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೊಡುವ 364 ಕೋಟಿ ರೂಪಾಯಿ ಯೋಜನೆ ಶುರು ಮಾಡಿತು. ನೆಟ್‌ವರ್ಕ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಸಣ್ಣ ಮೆಸೇಜ್ ಹೋಗಿ ಬರುತ್ತದೆ. ತುಂಬ ಒಳ್ಳೆಯ ಯೋಜನೆ. ಮೆಸೇಜ್ ಓದುವುದು ಬ್ಲೂಟೂತ್‌ನಲ್ಲಿ ಜೋಡಿಸಿದ ಮೊಬೈಲ್ ಫೋನಿನಲ್ಲಿ. ಅಂದರೆ ಉಪಗ್ರಹದಿಂದ ಬಂದ ಎಚ್ಚರಿಕೆ ಕೊನೆಗೆ ಬಂದು ನಿಲ್ಲುವುದು ಒದ್ದೆ ಬೆರಳಿಗೆ ತೆರೆಯದ, ಬಿಸಿಲಿಗೆ ಕಾಣದ ಸ್ಕ್ರೀನಿನಲ್ಲಿ. ಈ ಕೊನೆಯ ಒಂದು ಗೇಣು ದೂರವನ್ನು ನಮ್ಮ ಪೆಟ್ಟಿಗೆ ತುಂಬಬಲ್ಲದು. ಅದಕ್ಕೆ ಸರ್ಕಾರದ ಕಡೆಯಿಂದ ಅನುಮತಿ ಬೇಕು. ಅದು ಸಿಗುತ್ತದೆ ಎಂದು ನಂಬಿ ಲೆಕ್ಕ ಹಾಕಬೇಡಿ, ಮೊದಲೆರಡು ಕೆಲಸದ ಮೇಲೆಯೇ ಪೆಟ್ಟಿಗೆ ಮಾರಾಟವಾಗಬೇಕು ಎಂದು ಬರೆದು ಕೊಟ್ಟಿದ್ದೇನೆ.

ನಾಡದೋಣಿಯವರಷ್ಟೇ ಗಿರಾಕಿಗಳಾದರೆ ಕಂಪನಿ ಹೆಚ್ಚು ಬೆಳೆಯದು. ಇದೇ ಬೋರ್ಡ್, ಇದೇ ಸ್ಕ್ರೀನ್ ಬೇರೆ ಯಾರಿಗೆ ಬೇಕು ಅಂತ ಹುಡುಕಿದೆವು. ಸಿಟಿ ಬಸ್ಸಿನ ಟಿಕೆಟ್ ಯಂತ್ರ ಮೊದಲು ನೆನಪಾಯಿತು, ಆದರೆ ಅದು ಸರಿಹೋಗಲಿಲ್ಲ. ಅದರಲ್ಲಿ ಬ್ಯಾಟರಿ ಎಳೆಯುವುದು ಕಾಗದವನ್ನು ಬಿಸಿ ಮಾಡಿ ಅಚ್ಚು ಹಾಕುವ ಪ್ರಿಂಟರ್. ಕಂಡಕ್ಟರ್ ನಿಲ್ಲುವುದೂ ಬಸ್ಸಿನ ನೆರಳಲ್ಲಿ. ಮನೆ ಮನೆಗೆ ಬಿಸಿಲಲ್ಲಿ ನಡೆಯುವ ಕರೆಂಟ್ ಮೀಟರ್ ರೀಡರ್‌ಗಳು ಇನ್ನೂ ಹತ್ತಿರದ ಗಿರಾಕಿಗಳು. ಇ-ಇಂಕ್‌ನ ದೊಡ್ಡ ವ್ಯಾಪಾರ ಇವತ್ತು ನಡೆಯುತ್ತಿರುವುದು ಅಂಗಡಿಯ ಬೆಲೆ ಚೀಟಿಯಲ್ಲಿ. ವಾಲ್‌ಮಾರ್ಟ್ 2024ರಲ್ಲಿ ತನ್ನ 2,300 ಅಂಗಡಿಗಳಿಗೆ ಡಿಜಿಟಲ್ ಬೆಲೆ ಚೀಟಿ ಹಾಕುವುದಾಗಿ ಹೇಳಿದೆ. ಆದರೆ ಆ ಕಣದಲ್ಲಿ ಉಡುಪಿಯ ಇಬ್ಬರಿಗೆ ಜಾಗವಿಲ್ಲ.

ಹಣ ಹಾಕುವವರಿಗೆ ನಾನು ಕೊಟ್ಟ ಸಲಹೆ ಇಷ್ಟು. ಇ-ಇಂಕ್ ಫೋನಿಗೆ ಒಂದು ರೂಪಾಯಿಯೂ ಬೇಡ. ಬಣ್ಣ ಸರಿಯಾಗಿ ಬಂದು, ವಿಡಿಯೋ ಓಡಿ, ಬೆಲೆ ಸಾಮಾನ್ಯ ಎಲ್‌ಸಿಡಿಯ ಹತ್ತಿರ ಬರುವವರೆಗೂ ಬೇಡ. ಪೆಟ್ಟಿಗೆಗೆ ಕೊಡಿ, ಎರಡು ಕಂತಿನಲ್ಲಿ. ಮೊದಲ ಕಂತು ಸಣ್ಣ ಬ್ಯಾಚ್ ಮಾಡಿ ಮಲ್ಪೆಯ ನಾಡದೋಣಿಯವರ ಕೈಗೆ ಕೊಡಲು. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಅದು ನೋಡಬೇಕು, ಉಪ್ಪುನೀರಿಗೆ ಬಟನ್ ಹಿಡಿದುಕೊಳ್ಳುತ್ತದಾ ಅಂತ ಗೊತ್ತಾಗುವುದು ಆಗಲೇ. ಪುಕ್ಕಟೆ ಕೊಡಬೇಡಿ, ಅಸಲು ಬೆಲೆಯ ಅರ್ಧವಾದರೂ ತೆಗೆದುಕೊಳ್ಳಿ. ಆ ದೋಣಿಗಳ ಪಕ್ಕದ ದೋಣಿಯವರು ತಾವಾಗಿ ಬಂದು ಪೂರ್ತಿ ಬೆಲೆ ಕೊಟ್ಟು ಕೇಳಿದರೆ ಮಾತ್ರ ಎರಡನೇ ಕಂತು. ವ್ಯಾಪಾರಿ ಒಪ್ಪಿದ್ದಾರೆ. ಇಬ್ಬರು ಎಂಜಿನಿಯರುಗಳೂ ಒಪ್ಪಿ, ಮೊದಲ ಬ್ಯಾಚಿನ ಪ್ಯಾನೆಲ್‌ಗಳಿಗೆ ಆರ್ಡರ್ ಹಾಕಿದ್ದಾರೆ.